ಬಣ್ಣದ ರಿಬ್ಬನ್ ಎಲ್ಲಿಂದ ಬಂತು?

ಓದುಗರೊಬ್ಬರ ಪತ್ರ: ಮಗಳನ್ನು ಈ ವರ್ಷ ಹುಡುಗಿಯರ ವಸತಿ ಶಾಲೆಗೆ ಸೇರಿಸಿದ್ದೇನೆ. ಅಲ್ಲಿ ವಯಸ್ಸಿಗೊಂದು ಬಣ್ಣದ ರಿಬ್ಬನ್. ದೊಡ್ಡ ಹುಡುಗಿಯರು ಚಿಕ್ಕವರ ತಲೆ ಬಾಚಬೇಕು. ಭೇಟಿಗೆ ಲೆಕ್ಕದ ದಿನ. ಅವಳು ಮನೆಗೆ ಬರೆದ ಪತ್ರವನ್ನು ವಾರ್ಡನ್ ಓದಿಯೇ ಕಳಿಸುತ್ತಾರೆ. ಇದೆಲ್ಲ ಯಾರ ತಲೆಯಲ್ಲಿ ಹುಟ್ಟಿದ್ದು? ಜೈಲಿನಿಂದ ಕಲಿತದ್ದಾ?

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಓದಿ ನಗು ಬಂತು. ಯಾಕೆಂದರೆ ಈ ಬಗೆಯ ಶಾಲೆಗಳಲ್ಲಿ ತುಂಬ ಹೆಸರು ಮಾಡಿದ ಒಂದನ್ನು ಕಟ್ಟಿಸಿದಾಕೆ ಹುಟ್ಟಿದ್ದೇ ಜೈಲಿನಲ್ಲಿ ಅಂತ ಹೇಳುತ್ತಾರೆ! ಫ್ರಾನ್ಸಿನ ನಿಯೋರ್ ಎಂಬ ಊರು, 1635ನೇ ಇಸವಿ. ಅಪ್ಪ ಆಗ ಸೆರೆಯಲ್ಲಿದ್ದ. ಬಡತನದಲ್ಲಿ ಬೆಳೆದ ಆ ಹುಡುಗಿ ಒಬ್ಬ ಕವಿಯನ್ನು ಮದುವೆಯಾಗಿ, 24ರ ವಯಸ್ಸಿಗೇ ವಿಧವೆಯಾಗಿ, ಅರಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕೊನೆಗೆ ದೊರೆ ಹದಿನಾಲ್ಕನೇ ಲೂಯಿಯನ್ನೇ ಗುಟ್ಟಾಗಿ ಮದುವೆಯಾದಳು. ಮದಾಂ ದ ಮ್ಯಾಂತನೋ ಅಂದರೆ ಇವಳೇ.

1686ರಲ್ಲಿ ದೊರೆಯಿಂದ ಅವಳು ಒಂದು ಶಾಲೆ ಮಾಡಿಸಿಕೊಂಡಳು. ವರ್ಸೈ ಅರಮನೆಗೆ ಹತ್ತಿರದ ಸ್ಯಾಂ-ಸಿರ್ ಎಂಬಲ್ಲಿ. ಹುಡುಗಿಯರು 250. ಎಲ್ಲರೂ ಹೆಸರಿಗೆ ದೊಡ್ಡ ಮನೆತನದವರು, ಕೈಯಲ್ಲಿ ಕಾಸಿಲ್ಲದವರು. ಏಳರಿಂದ ಹನ್ನೆರಡು ವರ್ಷದೊಳಗೆ ಸೇರಿದರೆ ಇಪ್ಪತ್ತರವರೆಗೆ ಊಟ, ಬಟ್ಟೆ, ಪಾಠ ಎಲ್ಲ ಪುಕ್ಕಟೆ. ಹೊರಡುವಾಗ ವರದಕ್ಷಿಣೆಗೆಂದು 3000 ಲಿವ್ರ್ (ಆಗಿನ ಫ್ರಾನ್ಸಿನ ಹಣ) ಕೂಡ ಕೈಗೆ ಬರುತ್ತಿತ್ತು. ಸನ್ಯಾಸಿನಿಯರ ಮಠಗಳಲ್ಲಿ ಹುಡುಗಿಯರನ್ನು ಇಟ್ಟುಕೊಂಡು ಓದಿಸುವುದು ಮೊದಲೇ ಇತ್ತು. ಚಿಕ್ಕಂದಿನಲ್ಲಿ ಇವಳೂ ಅಂಥ ಕಡೆ ಇದ್ದವಳೇ. ಆದರೆ ತನ್ನ ಶಾಲೆ ಮಠದ ಹಾಗಿರಬಾರದು ಅನ್ನುವುದು ಅವಳ ಹಟ.

ಈಗ ರಿಬ್ಬನ್ ವಿಷಯಕ್ಕೆ ಬರೋಣ. ಅಲ್ಲಿ ಎಲ್ಲರಿಗೂ ಒಂದೇ ಕಂದು ಬಟ್ಟೆ. ಬಣ್ಣ ಕಾಣುತ್ತಿದ್ದದ್ದು ರಿಬ್ಬನ್‌ನಲ್ಲಿ ಮಾತ್ರ. ತೀರಾ ಚಿಕ್ಕವರಿಗೆ ಕೆಂಪು, ಹನ್ನೊಂದು ಆದವರಿಗೆ ಹಸಿರು, ಆಮೇಲೆ ಹಳದಿ, ಹದಿನೇಳು ದಾಟಿದವರಿಗೆ ನೀಲಿ. ಒಂದೊಂದು ತರಗತಿಯಲ್ಲೂ ಎಂಟು-ಹತ್ತು ಹುಡುಗಿಯರ ಗುಂಪುಗಳು. ಆ ಗುಂಪಿಗೆ ‘ಕುಟುಂಬ’ ಅಂತಲೇ ಹೆಸರು. ದೊಡ್ಡವರು ಚಿಕ್ಕವರ ತಲೆ ಬಾಚುತ್ತಿದ್ದರು, ಬಟ್ಟೆ ಹಾಕಿಸುತ್ತಿದ್ದರು, ಪಾಠವನ್ನೂ ಹೇಳಿಕೊಡುತ್ತಿದ್ದರು. ಚೆನ್ನಾಗಿ ಓದುವ ದೊಡ್ಡ ಹುಡುಗಿಯರಿಗೆ ಕಪ್ಪು ರಿಬ್ಬನ್. ನಮ್ಮ ಮಾನಿಟರ್ ಥರ, ಅಲ್ವಾ? ಓದು, ಬರಹ, ಲೆಕ್ಕದ ಜೊತೆ ಇತಿಹಾಸ, ಭೂಗೋಳ, ಸಂಗೀತ ಇತ್ತು. ಹೊಲಿಗೆಯಂತೂ ಸಿಕ್ಕಾಪಟ್ಟೆ. ತಂದೆತಾಯಿಯ ಭೇಟಿ ವರ್ಷಕ್ಕೆ ನಾಲ್ಕೇ ಸಲ, ಅದೂ ಶಿಕ್ಷಕಿಯೊಬ್ಬರ ಎದುರಿಗೆ.

ಇಷ್ಟಾದರೂ ಮೊದಲ ವರ್ಷಗಳಲ್ಲಿ ಅಲ್ಲಿ ಗೆಲುವಿತ್ತು. ಮಾತು ಕಲಿಯಲಿ, ನಡೆನುಡಿ ಬರಲಿ ಅಂತ ಹುಡುಗಿಯರಿಂದ ನಾಟಕ ಆಡಿಸುತ್ತಿದ್ದರು. ಒಮ್ಮೆ ರಾಸೀನ್ ಬರೆದ ‘ಆಂದ್ರೊಮಾಕ್’ ಆಡಿಸಿದರು. ಅದು ಪ್ರೇಮ, ಹೊಟ್ಟೆಕಿಚ್ಚುಗಳ ನಾಟಕ. ಮ್ಯಾಂತನೋ ಗಾಬರಿಯಾಗಿ ನಾಟಕಕಾರನಿಗೇ ಪತ್ರ ಬರೆದಳು. ನಮ್ಮ ಹುಡುಗಿಯರು ನಿಮ್ಮ ನಾಟಕ ಎಷ್ಟು ಚೆನ್ನಾಗಿ ಆಡಿದರೆಂದರೆ, ಇನ್ನು ಯಾವತ್ತೂ ಆಡುವುದಿಲ್ಲ ಅಂತ! ಈ ಸಾಲು ನನಗೆ ತುಂಬ ಇಷ್ಟ. ವಸತಿ ಶಾಲೆಗಳ ಅರ್ಧ ಚರಿತ್ರೆ ಅದರಲ್ಲೇ ಇದೆ.

ಪ್ರೇಮವಿಲ್ಲದ ನಾಟಕ ಬರೆದುಕೊಡಿ ಅಂತ ಅವಳು ಕೇಳಿದಳು. ರಾಸೀನ್ ಬೈಬಲ್ಲಿನ ಕತೆ ತೆಗೆದುಕೊಂಡು ‘ಎಸ್ತರ್’ ಬರೆದ. 1689ರ ಜನವರಿಯಲ್ಲಿ ದೊರೆಯೇ ಬಂದು ನೋಡಿದ. ಮತ್ತೆ ಮತ್ತೆ ಬಂದ. ಅರಮನೆಯವರೆಲ್ಲ ಮುಗಿಬಿದ್ದರು. ದೊರೆ ಬಾಗಿಲಲ್ಲಿ ನಿಂತು, ಕೈಕೋಲು ಅಡ್ಡ ಹಿಡಿದು, ಪಟ್ಟಿಯಲ್ಲಿ ಹೆಸರಿದ್ದವರನ್ನಷ್ಟೇ ಒಳಗೆ ಬಿಟ್ಟನಂತೆ. ಹುಡುಗಿಯರು ಮಿಂಚಿದರು. ಮಿಂಚಿದ್ದೇ ತಪ್ಪಾಯಿತು. ತಲೆ ತಿರುಗಿದೆ, ಜಂಬ ಬಂದಿದೆ ಅಂತ ದೂರು ಶುರುವಾಯಿತು. ರಾಸೀನನ ಮುಂದಿನ ನಾಟಕ ‘ಅಥಾಲಿ’ಯನ್ನು 1691ರಲ್ಲಿ ವೇಷವಿಲ್ಲದೆ, ಪರದೆಯಿಲ್ಲದೆ, ಶಾಲೆಯ ಬಟ್ಟೆಯಲ್ಲೇ ಆಡಿಸಿದರು. 1692ರಲ್ಲಿ ಶಾಲೆ ಪೂರ್ತಿ ಮಠವೇ ಆಗಿಹೋಯಿತು. ಬೇಡ ಅಂದಿದ್ದವಳೇ ಮಾಡಿದಳು. ನೋಡಲು ಮುಗಿಬಿದ್ದವರು ಅರಮನೆಯವರು, ಬಾಗಿಲು ಹಾಕಿದ್ದು ಹುಡುಗಿಯರಿಗೆ.

ಆದರೂ ಅವಳಿಗೆ ಆ ಜಾಗದ ಮೇಲೆ ಪ್ರಾಣ. 1715ರಲ್ಲಿ ದೊರೆ ತೀರಿಕೊಂಡ ಮೇಲೆ ಅಲ್ಲೇ ಬಂದಿದ್ದು, 1719ರಲ್ಲಿ ಅಲ್ಲೇ ಸತ್ತಳು.

ಮಾದರಿ ಮಾತ್ರ ದೂರ ದೂರ ಹೋಯಿತು. ರಷ್ಯಾದ ರಾಣಿ ಕ್ಯಾಥರೀನ್ 1764ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸ್ಮೋಲ್ನಿ ಶಾಲೆ ತೆರೆದಳು. ಅಲ್ಲಿ ರಿಬ್ಬನ್ ಬದಲು ಬಟ್ಟೆಗೇ ಬಣ್ಣ. ಚಿಕ್ಕವರಿಗೆ ಕಾಫಿ ಬಣ್ಣ, ಕೊನೆಯ ವರ್ಷಗಳವರಿಗೆ ಬಿಳಿ. ಹನ್ನೆರಡು ವರ್ಷ ಮಗಳನ್ನು ವಾಪಸು ಕೇಳುವುದಿಲ್ಲ ಅಂತ ತಂದೆತಾಯಿ ಬರೆದುಕೊಡಬೇಕಿತ್ತು. ನಿಮ್ಮ ಶಾಲೆ ವಾಸಿ!

ಸ್ಯಾಂ-ಸಿರ್ 1793ರಲ್ಲಿ ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲು ಒಬ್ಬ ಸೇನಾಧಿಕಾರಿ ಬಂದು ತನ್ನ ತಂಗಿಯನ್ನು ಅಲ್ಲಿಂದ ಕರೆದುಕೊಂಡು ಹೋದ. ಅವನ ಹೆಸರು ನೆಪೋಲಿಯನ್. ಮುಂದೆ ಚಕ್ರವರ್ತಿಯಾಗಿ ತನ್ನ ಸೈನ್ಯದವರ ಹೆಣ್ಣುಮಕ್ಕಳಿಗೆ ಅವನೂ ವಸತಿ ಶಾಲೆ ತೆರೆದ. ಅವು ಇವತ್ತಿಗೂ ನಡೆಯುತ್ತಿವೆ, ತರಗತಿಗೊಂದು ಬಣ್ಣದ ಪಟ್ಟಿಯೂ ಉಳಿದಿದೆ. ಆದರೆ 1807ರಲ್ಲಿ ಅವನು ಬರೆಸಿದ ಸೂಚನೆ ಏನು ಗೊತ್ತಾ? ನಂಬುವ ಹೆಣ್ಣುಮಕ್ಕಳನ್ನು ಬೆಳೆಸಿಕೊಡಿ, ವಾದ ಮಾಡುವವರನ್ನಲ್ಲ. ಹಳೆಯ ಸ್ಯಾಂ-ಸಿರ್ ಕಟ್ಟಡವನ್ನು ಮರುವರ್ಷ ಸೈನಿಕ ಶಾಲೆಗೆ ಕೊಟ್ಟ.

ಹಾಗಾಗಿ ರಿಬ್ಬನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕವರ ತಲೆ ಬಾಚುವುದು ಒಳ್ಳೆಯದೇ. ರಜೆಗೆ ಬಂದಾಗ ಮಗಳ ಬಾಯಲ್ಲಿ ಆ ಪುಟ್ಟಿಯರ ಸುದ್ದಿಯೇ ಜಾಸ್ತಿ ಇರುತ್ತದೆ, ನೋಡುತ್ತಿರಿ. ಪತ್ರ ಒಡೆದು ಓದುವುದು ಮಾತ್ರ ಬೇರೆ. ಹಳೇ ಪದ್ಧತಿ ಅಂತ ಸುಮ್ನೆ ಬಿಡಬೇಡಿ, ಮುಂದಿನ ಭೇಟಿಯಲ್ಲಿ ಯಾಕೆ ಅಂತ ಕೇಳಿ. ಹಾಗೇ ವರ್ಷಕ್ಕೊಂದು ನಾಟಕ ಆಡಿಸುತ್ತಾರಾ ಅಂತಲೂ ಕೇಳಿ. ಆಡಿಸಿದರೆ ಹೋಗಿ ಮುಂದಿನ ಸಾಲಲ್ಲೇ ಕೂತುಕೊಳ್ಳಿ.

— ಸಂ.