ಯಾರ ಯಾವ ಮಾತಿಗೆ ಈ ಉತ್ತರ? ಗುಂಪಿನ ಚರ್ಚೆಯಲ್ಲಿ ಉಲ್ಲೇಖದ ಕ್ರಮ ಮತ್ತು ಸಾಫ್ಟ್‌ವೇರ್ ಆಯ್ಕೆ

ನೀವು ಕೇಳಿರುವುದು ಎರಡು ವಿಷಯ. 700 ಅಡಿಕೆ ಬೆಳೆಗಾರರಿರುವ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾವ ಮಾತಿಗೆ ಉತ್ತರ ಕೊಡುತ್ತಿದ್ದಾರೆಂದೇ ತಿಳಿಯುತ್ತಿಲ್ಲ, ಸದಸ್ಯರಿಗೆ ಏನು ನಿಯಮ ಹೇಳಬೇಕು ಎನ್ನುವುದು ಒಂದು. ವಾಟ್ಸಾಪ್ ಬಿಟ್ಟು ಬೇರೆ ಯಾವುದಕ್ಕೆ ಹೋಗಬೇಕು ಎನ್ನುವುದು ಇನ್ನೊಂದು. ನನ್ನ ಪ್ರಕಾರ ಇವೆರಡನ್ನೂ ಬೇರೆಬೇರೆಯಾಗಿ ಬಗೆಹರಿಸಲು ಆಗುವುದಿಲ್ಲ. ಉಲ್ಲೇಖಿಸುವುದು, ಅಂದರೆ ಯಾವ ಮಾತಿಗೆ ಉತ್ತರವೋ ಆ ಮಾತನ್ನೂ ಉತ್ತರದ ಜೊತೆ ತೋರಿಸುವುದು, ಯಾವ ಸಾಫ್ಟ್‌ವೇರ್‌ನಲ್ಲಿ ಸುಲಭವೋ ಅಲ್ಲಿ ಜನ ತಾವಾಗಿಯೇ ಉಲ್ಲೇಖಿಸುತ್ತಾರೆ. ಕಷ್ಟವಿರುವ ಕಡೆ ಎಷ್ಟು ನಿಯಮ ಬರೆದು ಪಿನ್ ಮಾಡಿದರೂ ಮಾಡುವುದಿಲ್ಲ. ಹಾಗಾಗಿ ಮೊದಲು ಸರಿಯಾದ ಉಲ್ಲೇಖ ಎಂದರೇನು ಎಂದು ನೋಡೋಣ, ಸಾಫ್ಟ್‌ವೇರ್ ಆಮೇಲೆ.

ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ನಿಮ್ಮ ಗುಂಪಿನಲ್ಲೇ ಬರಬಹುದಾದ ಒಂದು ಪ್ರಶ್ನೆ ತೆಗೆದುಕೊಳ್ಳಿ: “100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಸರಿಯೇ? ಇವತ್ತು ಕಲಸಿಟ್ಟು ನಾಳೆ ಹೊಡೆಯಬಹುದೇ? ಅಂಟು ಸೇರಿಸಬೇಕೇ?” ಸ್ವಲ್ಪ ಹೊತ್ತಿಗೆ ಮೂರು ಉತ್ತರ ಬರುತ್ತವೆ: “ಹೌದು”, “ಬೇಡ”, “ನಾವು ಹಾಕ್ತೀವಿ”. ಈ “ಹೌದು” ಅಳತೆಗೋ, ನಾಳೆ ಹೊಡೆಯುವುದಕ್ಕೋ? ನಾಳೆಗೆ ಎಂದುಕೊಂಡವರು ಹಳಸಿದ ದ್ರಾವಣ ಹೊಡೆದು, ಕೊಳೆರೋಗ ಬಂದ ಮೇಲೆ ಬೋರ್ಡೋವನ್ನೇ ದೂರುತ್ತಾರೆ. ಅದೇ ಉತ್ತರ ಹೀಗಿದ್ದರೆ ಗೊಂದಲವೇ ಇಲ್ಲ:

> 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಸರಿಯೇ?
ಸರಿ. ಶೇಕಡಾ 1ರ ದ್ರಾವಣಕ್ಕೆ ಇದೇ ಅಳತೆ.

> ಇವತ್ತು ಕಲಸಿಟ್ಟು ನಾಳೆ ಹೊಡೆಯಬಹುದೇ?
ಬೇಡ. ಕಲಸಿದ ದಿನವೇ ಹೊಡೆದು ಮುಗಿಸಿ.

ಮೂರನೆಯ ಪ್ರಶ್ನೆಯನ್ನು ಇಲ್ಲಿ ಮುಟ್ಟಿಲ್ಲ. ಉತ್ತರ ಕೊಡದ ಭಾಗವನ್ನು ಉಲ್ಲೇಖಿಸಬಾರದು. ಆಗ ಅದಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ, ಗೊತ್ತಿರುವ ಬೇರೆಯವರು ಹೇಳುತ್ತಾರೆ.

ಹೀಗೆ ಒಂದೊಂದು ತುಣುಕಿನ ಕೆಳಗೆ ಉತ್ತರ ಬರೆಯುವುದು ವಾಟ್ಸಾಪ್‌ಗಿಂತ ಬಹಳ ಹಳೆಯ ರೂಢಿ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಶುರುವಾದ ಯೂಸ್‌ನೆಟ್ ಎಂಬ ಚರ್ಚಾ ಜಾಲದಲ್ಲಿ, ಇಮೇಲ್ ಗುಂಪುಗಳಲ್ಲಿ ಬಳಕೆಯಾಗಿ ಬೆಳೆದದ್ದು. 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ, ಅಂತರ್ಜಾಲದ ನಡವಳಿಕೆಯ ದಾಖಲೆ ಇದನ್ನು ಬರಹದಲ್ಲಿಟ್ಟಿತು: ಮೂಲದ ಸಾರಾಂಶವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯಲು ಎಷ್ಟು ಬೇಕೋ ಅಷ್ಟೇ ಮೂಲಪಠ್ಯ ಇಟ್ಟುಕೊಳ್ಳಿ. ಪತ್ರದ ಕೊನೆಯ ಸಹಿ 4 ಸಾಲು ಮೀರದಿರಲಿ, ಒಬ್ಬರು ಖಾಸಗಿಯಾಗಿ ಬರೆದದ್ದನ್ನು ಗುಂಪಿಗೆ ಹಾಕುವ ಮುನ್ನ ಅವರನ್ನು ಕೇಳಿ ಎಂಬ ಮಾತುಗಳೂ ಅದರಲ್ಲೇ ಇವೆ. ಕೊನೆಯದನ್ನಂತೂ ನಿಮ್ಮ ಗುಂಪಿನ ನಿಯಮದಲ್ಲಿ ಹಾಗೆಯೇ ಸೇರಿಸಿ. ಖಾಸಗಿ ಸಂದೇಶದ ಸ್ಕ್ರೀನ್‌ಶಾಟ್ ಗುಂಪಿಗೆ ಬಂದು ಶುರುವಾಗುವ ಜಗಳ ಬೇಗ ಮುಗಿಯುವಂಥದ್ದಲ್ಲ.

ಎಷ್ಟು ಕತ್ತರಿಸಬಹುದು? ಕನ್ನಡದಲ್ಲಿ ಬರೆಯುವವರು ಇಲ್ಲಿ ಹೆಚ್ಚು ಜೋಪಾನವಾಗಿರಬೇಕು. ನಮ್ಮ ವಾಕ್ಯದಲ್ಲಿ ಷರತ್ತು ಮೊದಲು ಬರುತ್ತದೆ, ನಿಷೇಧ ಕಟ್ಟಕಡೆಗೆ. “ಗೊನೆ ಒಣಗಿದ್ದರೆ ಮಾತ್ರ ಹೊಡೆಯಿರಿ” ಎಂಬುದರ ಮುಂಭಾಗ ಕತ್ತರಿಸಿದರೆ ಷರತ್ತು ಹೋಗಿ ಆಜ್ಞೆ ಉಳಿಯುತ್ತದೆ. “ಮಳೆಯ ನಡುವೆ ಹೊಡೆಯಬಹುದು ಎಂದು ನಾನು ಹೇಳಲಾರೆ” ಎಂಬುದರ ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬೀಳುತ್ತದೆ. ಆದ್ದರಿಂದ ಉಲ್ಲೇಖದ ಕನಿಷ್ಠ ಅಳತೆ ಒಂದು ಪೂರ್ತಿ ವಾಕ್ಯ. ವಾಕ್ಯಗಳನ್ನು ಬಿಟ್ಟಿದ್ದರೆ ಆ ಜಾಗದಲ್ಲಿ ಮೂರು ಚುಕ್ಕಿ ಇಡಿ. ಮೂಲದ ಕಾಗುಣಿತ ತಿದ್ದಬೇಡಿ, ದಪ್ಪಕ್ಷರ ಸೇರಿಸಬೇಡಿ. ಉಲ್ಲೇಖದೊಳಗೆ ಇರುವುದೆಲ್ಲ ಬರೆದವರ ಮಾತು, ಅದರ ಮೇಲೆ ನಮಗೆ ಅಧಿಕಾರವಿಲ್ಲ.

ಇಮೇಲ್‌ನಲ್ಲಿ ಉತ್ತರ ಉಲ್ಲೇಖದ ಮೇಲೋ ಕೆಳಗೋ ಎಂಬ ಹಳೆಯ ವಾದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಒಂದೇ ವಿಷಯದ ಚಿಕ್ಕ ಉತ್ತರವಾದರೆ ಎಲ್ಲಿದ್ದರೂ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ವಿಷಯವಿದ್ದರೆ ತುಣುಕು, ಉತ್ತರ, ತುಣುಕು, ಉತ್ತರ ಎಂಬ ಕ್ರಮವೇ ಸರಿ. ಮೇಲೆ “ಒಪ್ಪಿದೆ” ಎಂದು ಬರೆದು ಕೆಳಗೆ ಹಿಂದಿನ ಹತ್ತು ಪತ್ರಗಳನ್ನೂ ನೇತುಹಾಕಿ ಕಳಿಸುವುದು ಮಾತ್ರ ಯಾವ ಲೆಕ್ಕಕ್ಕೂ ಸರಿಯಲ್ಲ. ಜಿಮೇಲ್ ಆ ಬಾಲವನ್ನು ಮೂರು ಚುಕ್ಕಿಯ ಹಿಂದೆ ಮಡಚಿಡುವುದರಿಂದ ಕಳಿಸಿದವರಿಗೆ ಅದು ಕಾಣುವುದೇ ಇಲ್ಲ. ಸಂಗ್ರಹದಲ್ಲಿ ಹುಡುಕುವವರಿಗೆ ಮಾತ್ರ ಒಂದೇ ಮಾತು ಹತ್ತು ಕಡೆ ಸಿಗುತ್ತದೆ.

ಈಗ ವಾಟ್ಸಾಪ್‌ನಲ್ಲೇ ನಾಳೆಯಿಂದ ಮಾಡಬಹುದಾದದ್ದು. ಸಂದೇಶವನ್ನು ಬಲಕ್ಕೆ ಎಳೆದರೆ ರಿಪ್ಲೈ ಬರುತ್ತದೆ, ಇದು ಹಲವರಿಗೆ ಗೊತ್ತು. ಆದರೆ ಅದು ಇಡೀ ಸಂದೇಶವನ್ನು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಒಂದು ತುಣುಕಿಗಷ್ಟೇ ಉತ್ತರಿಸಬೇಕಾದರೆ ಸಂದೇಶವನ್ನು ಕಾಪಿ ಮಾಡಿ ಬರೆಯುವ ಜಾಗದಲ್ಲಿ ಅಂಟಿಸಿ, ಬೇಡದ್ದನ್ನು ಅಳಿಸಿ, ಉಳಿದ ಸಾಲಿನ ಮೊದಲಿಗೆ > ಚಿಹ್ನೆ ಮತ್ತು ಒಂದು ಸ್ಪೇಸ್ ಹಾಕಿ. 2024ರಿಂದ ವಾಟ್ಸಾಪ್ ಇದನ್ನು ಪಕ್ಕದಲ್ಲಿ ಗೆರೆಯಿರುವ ಉಲ್ಲೇಖವಾಗಿ ತೋರಿಸುತ್ತದೆ. ಸ್ಪೇಸ್ ಮರೆತರೆ ಚಿಹ್ನೆ ಹಾಗೆಯೇ ಉಳಿಯುತ್ತದೆ. ಧ್ವನಿ ಸಂದೇಶಕ್ಕೆ ಉತ್ತರಿಸುವಾಗ ಅದರಲ್ಲಿ ಏನು ಕೇಳಿದ್ದರು ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಮುಂದುವರಿಯಿರಿ. ಇಲ್ಲದಿದ್ದರೆ ಅದನ್ನು ಕೇಳದವರಿಗೆ ಉತ್ತರವೂ ಇಲ್ಲದಂತೆಯೇ.

ಇನ್ನೊಂದು ಮುಖ್ಯ ವಿಷಯ: ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿದಾಗ ಸಿಗುವ ಪಠ್ಯದ ಕಡತದಲ್ಲಿ ಯಾವ ಸಂದೇಶ ಯಾವುದಕ್ಕೆ ರಿಪ್ಲೈ ಎಂಬ ಮಾಹಿತಿ ಇರುವುದಿಲ್ಲ. ಫೋನಿನಲ್ಲಿ ಚೆನ್ನಾಗಿ ಕಾಣುತ್ತಿದ್ದ “ಹೌದು, ಅದೇ ಸರಿ” ಕಡತದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಹಾಗಾಗಿ ರಿಪ್ಲೈ ಒತ್ತಿದರೂ ಉತ್ತರದೊಳಗೆ ವಿಷಯದ ಹೆಸರು ಬರಲಿ. “ಹೌದು” ಎನ್ನುವ ಬದಲು “ಹೌದು, ಸುಣ್ಣ 1 ಕೆಜಿ ಸಾಕು” ಎಂದರೆ ಆ ವಾಕ್ಯ ಎಲ್ಲಿಗೆ ಹೋದರೂ ಅರ್ಥ ಉಳಿಸಿಕೊಳ್ಳುತ್ತದೆ.

ಇನ್ನು ಸಾಫ್ಟ್‌ವೇರ್. ನಿಮ್ಮ ಗುಂಪಿನ ಒಂದು ವಾರದ ಸಂದೇಶಗಳನ್ನು ಎರಡು ರಾಶಿ ಮಾಡಿ ನೋಡಿ. ಇವತ್ತಿನ ಧಾರಣೆ, ನಾಳೆಯ ಸಭೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಎಲ್ಲಿ ಸಿಗುತ್ತಾರೆ: ಇವು ಓದಿ ಮರೆಯುವಂಥವು. ಎಲೆಚುಕ್ಕಿ ರೋಗಕ್ಕೆ ಏನು, ಬಸಿಗಾಲುವೆಯ ಆಳ ಎಷ್ಟು: ಇವನ್ನು ಮುಂದಿನ ವರ್ಷವೂ ಯಾರೋ ಹುಡುಕುತ್ತಾರೆ. ಮೊದಲ ರಾಶಿಗೆ ವಾಟ್ಸಾಪ್ ಸಾಕು, ಬದಲಿಸುವುದು ಬೇಡ. ಎರಡನೆಯದಕ್ಕೆ ವಾಟ್ಸಾಪ್ ತಕ್ಕದ್ದಲ್ಲ. ಗುಂಪಿನ ಮಿತಿ 1024 ಮಂದಿ, ವಿಷಯವಾರು ವಿಂಗಡಣೆ ಇಲ್ಲ, ಸಾಮಾನ್ಯ ಗುಂಪಿನಲ್ಲಿ ಎಲ್ಲರ ಫೋನ್ ನಂಬರೂ ಎಲ್ಲರಿಗೂ ಕಾಣುತ್ತದೆ.

ಸರ್ವರ್ ನೋಡಿಕೊಳ್ಳುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಟೆಲಿಗ್ರಾಂ ಆರಿಸಿ. ಗುಂಪಿನ ಸೆಟ್ಟಿಂಗ್‌ನಲ್ಲಿ ಟಾಪಿಕ್ಸ್ ಆನ್ ಮಾಡಿದರೆ ರೋಗ, ಗೊಬ್ಬರ, ಯಂತ್ರ ಹೀಗೆ ಒಂದೊಂದಕ್ಕೂ ಬೇರೆ ಕೋಣೆ ಸಿಗುತ್ತದೆ. ಐದಾರಕ್ಕಿಂತ ಹೆಚ್ಚು ಮಾಡಬೇಡಿ, ಯಾವುದರಲ್ಲಿ ಕೇಳಬೇಕೆಂದು ತಿಳಿಯದವರು ಎಲ್ಲವನ್ನೂ ಜನರಲ್ ಎಂಬ ಸಾಮಾನ್ಯ ಕೋಣೆಗೇ ಹಾಕುತ್ತಾರೆ. ಹೊಸಬರಿಗೆ ಹಳೆಯ ಸಂದೇಶ ಕಾಣುವ ಆಯ್ಕೆಯನ್ನು ಆನ್ ಇಡಿ. 2023ರಿಂದ ಟೆಲಿಗ್ರಾಂನಲ್ಲಿ ಸಂದೇಶದ ಒಂದು ಭಾಗವನ್ನಷ್ಟೇ ಆರಿಸಿ ಉಲ್ಲೇಖಿಸಬಹುದು, ನಿಮ್ಮ ತೊಂದರೆಗೆ ಇದೇ ನೇರ ಮದ್ದು. ಡೆಸ್ಕ್‌ಟಾಪ್ ಆವೃತ್ತಿಯಿಂದ ಜೇಸನ್ (ತಂತ್ರಾಂಶಗಳು ಓದಬಲ್ಲ ಪಠ್ಯದ ಕಡತ) ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಯಾವುದು ಯಾವುದಕ್ಕೆ ಉತ್ತರ ಎಂಬ ಕೊಂಡಿಯೂ ಜೊತೆಗೆ ಬರುತ್ತದೆ.

ಸರ್ವರ್ ಗೊತ್ತಿರುವ ಇಬ್ಬರು ಸಿಕ್ಕರೆ (ಒಬ್ಬರಲ್ಲ, ಇಬ್ಬರು) ನನ್ನ ಆಯ್ಕೆ ಡಿಸ್ಕೋರ್ಸ್. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡು ವೆಬ್‌ನಲ್ಲಿ ಚರ್ಚಾ ವೇದಿಕೆ ನಡೆಸಲು 2013ರಲ್ಲಿ ಬಂದ ಮುಕ್ತ ತಂತ್ರಾಂಶ. ಅದರಲ್ಲಿ ಉಲ್ಲೇಖ ಬೆರಳ ತುದಿಯಲ್ಲೇ ಇದೆ: ಓದುತ್ತಿರುವಾಗ ವಾಕ್ಯವನ್ನು ಆರಿಸಿದ ಕೂಡಲೇ ಉಲ್ಲೇಖದ ಗುಂಡಿ ಬರುತ್ತದೆ, ಒತ್ತಿದರೆ ಬರೆದವರ ಹೆಸರು ಮತ್ತು ಮೂಲಕ್ಕೆ ಕೊಂಡಿ ಸಮೇತ ಉತ್ತರದೊಳಗೆ ಕೂರುತ್ತದೆ. ತಮ್ಮ ಉತ್ತರದ ನೇರ ಮೇಲಿನ ಸಂದೇಶವನ್ನು ಯಾರಾದರೂ ಪೂರ್ತಿ ಉಲ್ಲೇಖಿಸಿದರೆ ಅದನ್ನು ತಾನೇ ತೆಗೆದುಹಾಕುವ ಸೆಟ್ಟಿಂಗ್ ಕೂಡ ಇದೆ. ಮಾತು ಅಡ್ಡದಾರಿ ಹಿಡಿದರೆ ಮಾಡರೇಟರ್ ಆ ಸಂದೇಶಗಳನ್ನಷ್ಟೇ ಆರಿಸಿ ಹೊಸ ವಿಷಯವಾಗಿ ಬೇರ್ಪಡಿಸಬಹುದು. ಸಾರ್ವಜನಿಕವಾಗಿಟ್ಟರೆ ಗುಂಪಿಗೆ ಸೇರದ ರೈತರಿಗೂ ಗೂಗಲ್‌ನಲ್ಲಿ ಉತ್ತರ ಸಿಗುತ್ತದೆ, ಇಷ್ಟು ಕಷ್ಟಪಡುವುದಕ್ಕೆ ನನಗೆ ದೊಡ್ಡ ಕಾರಣವೇ ಅದು.

ಡಿಸ್ಕೋರ್ಸನ್ನು ಸರ್ವರ್‌ನಲ್ಲಿ ಹಾಕುವಾಗ ಎಡವುವ ಜಾಗಗಳು ಹೀಗಿವೆ. ಕನಿಷ್ಠ 1 ಜಿಬಿ ರ‍್ಯಾಮ್ ಬೇಕು, ಅಷ್ಟೇ ಇದ್ದರೆ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಸೇರಿಸಬೇಕು. 2 ಜಿಬಿ ರ‍್ಯಾಮ್ ಇದ್ದರೆ ಅಪ್‌ಡೇಟ್ ಹೊತ್ತಿನಲ್ಲಿ ನೆಮ್ಮದಿ. ಬರಿಯ ಐಪಿ ವಿಳಾಸದಲ್ಲಿ ನಡೆಯುವುದಿಲ್ಲ, ಡೊಮೈನ್ ಹೆಸರು ಬೇಕೇ ಬೇಕು. ಹೆಚ್ಚಿನವರು ಸೋಲುವುದು ಇಮೇಲ್‌ನಲ್ಲಿ. ಖಾತೆ ತೆರೆಯುವವರಿಗೆ ದೃಢೀಕರಣದ ಇಮೇಲ್ ಹೋಗದಿದ್ದರೆ ಯಾರೂ ಒಳಗೆ ಬರಲಾರರು, ಮತ್ತು ಸರ್ವರ್ ನೇರವಾಗಿ ಇಮೇಲ್ ಕಳಿಸುವ 25ನೇ ಪೋರ್ಟನ್ನು ಹಲವು ಕ್ಲೌಡ್ ಕಂಪನಿಗಳು ಮುಚ್ಚಿರುತ್ತವೆ. ಇಮೇಲ್ ಕಳಿಸುವ ಸೇವೆಯೊಂದರಲ್ಲಿ ಖಾತೆ ತೆರೆದು 587ನೇ ಪೋರ್ಟ್ ಮೂಲಕ ಕಳಿಸಿ, ಡೊಮೈನ್‌ಗೆ ಎಸ್‌ಪಿಎಫ್, ಡಿಕಿಮ್ ದಾಖಲೆ (ಇಮೇಲ್ ನಿಜಕ್ಕೂ ನಿಮ್ಮ ಡೊಮೈನ್‌ನದೇ ಎಂದು ತೋರಿಸುವವು) ಹಾಕಿ. ಇಲ್ಲವಾದರೆ ನಿಮ್ಮ ಇಮೇಲ್ ಹೋಗಿ ಸ್ಪ್ಯಾಮ್‌ಗೆ ಬೀಳುತ್ತದೆ.

ಕನ್ನಡಕ್ಕೆಂದು ಮಾಡಬೇಕಾದ ಒಂದೆರಡು ಬದಲಾವಣೆಗಳಿವೆ. ಶೀರ್ಷಿಕೆಯನ್ನು ಕೊಂಡಿಯಲ್ಲಿ ಸೇರಿಸುವ ಸೆಟ್ಟಿಂಗನ್ನು ಎನ್ಕೋಡೆಡ್ ಎಂದು ಇಡಬೇಡಿ. ಯೂನಿಕೋಡ್‌ನ ಪ್ರತಿ ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಕೊಂಡಿಯಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. “ಸ್ತ್ರೀ” ಕಣ್ಣಿಗೆ ಒಂದೇ ಅಕ್ಷರವಾದರೂ 6 ಸಂಕೇತ, ಅಂದರೆ ಕೊಂಡಿಯಲ್ಲಿ 54 ಅಕ್ಷರ. ವಾಟ್ಸಾಪ್‌ನಲ್ಲಿ ಹಂಚಿದಾಗ ಅಂಥ ಕೊಂಡಿ ಅರ್ಧ ಪರದೆ ತುಂಬುತ್ತದೆ. ಹುಡುಕಾಟವನ್ನೂ ಕನ್ನಡದಲ್ಲೇ ಪರೀಕ್ಷಿಸಿ: ಡಿಸ್ಕೋರ್ಸ್ ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಕನ್ನಡದ ವಿಭಕ್ತಿ ಬಿಡಿಸಲು ಬರುವುದಿಲ್ಲ, “ತೋಟಕ್ಕೆ” ಎಂದು ಹುಡುಕಿದರೆ “ತೋಟದಲ್ಲಿ” ಎಂದಿರುವುದು ಸಿಗಲಿಕ್ಕಿಲ್ಲ. ಆದ್ದರಿಂದ ಶೀರ್ಷಿಕೆಯಲ್ಲಿ ಮುಖ್ಯ ಪದ ಪ್ರತ್ಯಯವಿಲ್ಲದೆ ಬರಲಿ: “ಕೊಳೆರೋಗ: ಎರಡನೇ ಸಿಂಪಡಣೆ ಯಾವಾಗ?” ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ. ನೇರ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು.

ಇಮೇಲ್ ಗುಂಪನ್ನು ನಿಮಗೆ ಸೂಚಿಸುವುದಿಲ್ಲ, ಸದಸ್ಯರಲ್ಲಿ ಬಹುಪಾಲು ಮಂದಿ ಇಮೇಲ್ ದಿನಾ ತೆರೆಯುವವರಲ್ಲ ಎಂದಿದ್ದೀರಿ. ದಿನವಿಡೀ ಇಮೇಲ್‌ನಲ್ಲೇ ಇರುವವರ ಗುಂಪಾದರೆ ಗೂಗಲ್ ಗ್ರೂಪ್ಸ್ ಅಥವಾ ಇಮೇಲ್ ಗುಂಪು ನಡೆಸುವ ತಂತ್ರಾಂಶ ಮೇಲ್‌ಮ್ಯಾನ್ 3 ಸಾಕು. ಅಲ್ಲಿ ಎರಡು ತಪ್ಪು ತಡೆಯಬೇಕು. ಹಳೆಯ ಪತ್ರಕ್ಕೆ ರಿಪ್ಲೈ ಒತ್ತಿ ವಿಷಯದ ಸಾಲು ಬದಲಿಸಿ ಹೊಸ ಚರ್ಚೆ ಆರಂಭಿಸಬಾರದು: ಪತ್ರದ ತಲೆಯಲ್ಲಿ (ಕಣ್ಣಿಗೆ ಕಾಣದ ಹೆಡರ್ ಭಾಗದಲ್ಲಿ) ಹಳೆಯದರ ಗುರುತು ಉಳಿದಿರುವುದರಿಂದ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಅದು ಹಳೆಯ ಎಳೆಯಡಿಯೇ ಹೋಗಿ ಕೂರುತ್ತದೆ, ಜಿಮೇಲ್‌ನಲ್ಲಿ ಬೇರೆಯಾಗಿ ಕಾಣುತ್ತದೆ. ಡೈಜೆಸ್ಟ್ (ದಿನದ ಪತ್ರಗಳೆಲ್ಲ ಒಟ್ಟಾಗಿ ಬರುವ ಒಂದೇ ಇಮೇಲ್) ಪಡೆಯುವವರು ಅದಕ್ಕೇ ನೇರ ರಿಪ್ಲೈ ಮಾಡಿದರೆ ಇಡೀ ದಿನದ ಪತ್ರಗಳು ಉಲ್ಲೇಖವಾಗಿ ಹೋಗುತ್ತವೆ. ವಿಷಯದ ಸಾಲು ತಿದ್ದಿ, ಬೇಕಾದ ವಾಕ್ಯ ಬಿಟ್ಟು ಉಳಿದದ್ದೆಲ್ಲ ಅಳಿಸಿ ಕಳಿಸಬೇಕು. ಥಂಡರ್‌ಬರ್ಡ್‌ನಲ್ಲಿ ವಾಕ್ಯವನ್ನು ಆರಿಸಿ ರಿಪ್ಲೈ ಒತ್ತಿದರೆ ಅಷ್ಟೇ ಉಲ್ಲೇಖವಾಗುತ್ತದೆ.

ಯಾವುದನ್ನೇ ಆರಿಸಿದರೂ ಹೊರಬರುವ ದಾರಿಯನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಯಾಹೂ ಗ್ರೂಪ್ಸ್ 2019ರ ಕೊನೆಗೆ ಹಳೆಯ ಸಂಗ್ರಹವನ್ನು ತೆಗೆದು 2020ರ ಡಿಸೆಂಬರ್ 15ರಂದು ಪೂರ್ತಿ ಮುಚ್ಚಿತು. ಮೊದಲೇ ಇಳಿಸಿಕೊಳ್ಳದ ಗುಂಪುಗಳ ಸಂಗ್ರಹ ಹೋದದ್ದು ಹೋಯಿತು. ಡಿಸ್ಕೋರ್ಸ್‌ನಲ್ಲಿ ನಿರ್ವಾಹಕರ ಪುಟದಿಂದ ಚಿತ್ರಗಳೂ ಸೇರಿ ಒಂದೇ ಕಡತದ ಬ್ಯಾಕಪ್ ಸಿಗುತ್ತದೆ, ಅದು ಸರ್ವರ್‌ನಲ್ಲಿ ಮಾತ್ರ ಇರದೆ ಇನ್ನೊಬ್ಬರ ಕಂಪ್ಯೂಟರ್‌ನಲ್ಲೂ ಇರಲಿ. ಗೂಗಲ್ ಗ್ರೂಪ್ಸ್‌ನದನ್ನು ಗುಂಪಿನ ಮಾಲೀಕರು ಗೂಗಲ್‌ನ ಟೇಕ್‌ಔಟ್ ಸೇವೆಯ ಮೂಲಕ ಇಳಿಸಿಕೊಳ್ಳಬಹುದು.

ಎಲ್ಲ 700 ಮಂದಿಯನ್ನೂ ಒಂದೇ ದಿನ ಸ್ಥಳಾಂತರಿಸಲು ಹೋಗಬೇಡಿ. ಚೆನ್ನಾಗಿ ಉತ್ತರಿಸುವ ಹದಿನೈದು ಇಪ್ಪತ್ತು ಮಂದಿಯನ್ನು ಮೊದಲು ಕರೆದು, ಪದೇಪದೇ ಕೇಳುವ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಬರೆಸಿ. ಆಮೇಲೆ ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆ ಬಂದಾಗ ಎರಡು ಸಾಲಿನ ಸಾರದ ಜೊತೆ ಅಲ್ಲಿನ ಕೊಂಡಿ ಕೊಡಿ. ಬರಿಯ ಕೊಂಡಿ ಎಸೆದರೆ ಹಿರಿಯರು ಒತ್ತುವುದಿಲ್ಲ. ಸಾರ ಓದಿ ಇನ್ನಷ್ಟು ಬೇಕೆನಿಸಿದವರು ಒತ್ತುತ್ತಾರೆ, ಅವರಲ್ಲಿ ಕೆಲವರು ಮುಂದಿನ ಪ್ರಶ್ನೆಯನ್ನು ಅಲ್ಲೇ ಕೇಳುತ್ತಾರೆ.