ಎರಡು ದಿನದ ಬೈಕ್ ಕ್ಯಾಂಪಿಂಗ್: ಏನು ಒಯ್ಯಬೇಕು, ಎಲ್ಲಿ ಕಟ್ಟಬೇಕು

ನಮಸ್ಕಾರ. ನವೆಂಬರ್ ಮಧ್ಯದ ಒಂದು ಶನಿವಾರ ಬೆಳಿಗ್ಗೆ ತಮ್ಮನೊಂದಿಗೆ ಕ್ಲಾಸಿಕ್ 350 ಬೈಕಿನಲ್ಲಿ ಬೆಂಗಳೂರಿನಿಂದ ಹೊರಟು, ಸಕಲೇಶಪುರದ ಆಚೆಗಿರುವ ಪರಿಚಿತರ ಕಾಫಿ ತೋಟದಲ್ಲಿ ಒಂದು ರಾತ್ರಿ ಟೆಂಟ್ ಹಾಕಿ, ಭಾನುವಾರ ಸಂಜೆಯೊಳಗೆ ಮರಳುವ ಯೋಜನೆಯನ್ನು ಬರೆದಿದ್ದೀರಿ. ಜೊತೆಗೆ 43 ಸಾಮಾನುಗಳ ಪಟ್ಟಿಯನ್ನೂ ಬೈಕಿನ ಚಿತ್ರವನ್ನೂ ಹಾಕಿ, ಇನ್ನೇನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದ್ದೀರಿ. ಪಟ್ಟಿಯಲ್ಲಿ ಬಿಟ್ಟುಹೋಗಿರುವುದು ನಾಲ್ಕೈದು ಸಾಮಾನು ಮಾತ್ರ. ಮನೆಯಲ್ಲೇ ಬಿಟ್ಟುಹೋಗಬೇಕಾದದ್ದು ಅದರ ಮೂರರಷ್ಟಿದೆ. ಒಬ್ಬರೇ ಹೋಗುವವರಿಗೆ ಹಿಂದಿನ ಸೀಟು ಪೂರ್ತಿ ಸಾಮಾನಿಗೆ ಸಿಗುತ್ತದೆ. ನಿಮಗೆ ಆ ಅನುಕೂಲ ಇಲ್ಲದಿರುವುದರಿಂದ ತೂಕ ಮತ್ತು ಜಾಗದ ಲೆಕ್ಕವನ್ನು ಮೊದಲು ಮಾಡಿ, ಪಟ್ಟಿಯನ್ನು ಆಮೇಲೆ ನೋಡುವುದು ಒಳ್ಳೆಯದು.

ಬೈಕಿನ ಕೈಪಿಡಿಯಲ್ಲಿ ಒಟ್ಟು ಭಾರದ ಮಿತಿಯನ್ನು ಮುದ್ರಿಸಿರುತ್ತಾರೆ. ಅದರಿಂದ ಬೈಕಿನ ಸ್ವಂತ ತೂಕವಾದ 195 ಕೆ.ಜಿ.ಯನ್ನು ಕಳೆದರೆ ಉಳಿಯುವ ಅಂಕಿಯಲ್ಲಿ ನೀವಿಬ್ಬರೂ, ನಿಮ್ಮ ಜಾಕೆಟ್, ಬೂಟು, ಹೆಲ್ಮೆಟ್‌ಗಳೂ, ಕಟ್ಟಿದ ಸಾಮಾನೂ ಸೇರಬೇಕು. ಈ ಲೆಕ್ಕ ಹಾಕಿದ ಹೆಚ್ಚಿನವರಿಗೆ ತಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಉಳಿಯುತ್ತದೆ. ಇಬ್ಬರು ಹೋಗುವಾಗ ನಾನು ಸಾಮಾನನ್ನು 19 ಕೆ.ಜಿ. ದಾಟಲು ಬಿಡುವುದಿಲ್ಲ. ಅದು ಹೀಗೆ ಹಂಚಿಹೋಗುತ್ತದೆ: ಟೆಂಟ್ 3 ಕೆ.ಜಿ., ಎರಡು ಸ್ಲೀಪಿಂಗ್ ಬ್ಯಾಗ್ ಸೇರಿ 3, ಚಾಪೆಗಳು ಒಂದಕ್ಕೂ ಕಡಿಮೆ, ಒಲೆ ಪಾತ್ರೆ ಗ್ಯಾಸ್ ಒಂದೂಕಾಲು, ರಿಪೇರಿ ಸಾಮಾನು ಮತ್ತು ಟ್ಯೂಬ್‌ಗಳು 3, ನೀರು 3, ಬಟ್ಟೆ ಇಬ್ಬರದೂ ಸೇರಿ 3, ಆಹಾರ ಒಂದೂವರೆ. ಸಾಮಾನು ತೂಗಿ ಹಿಡಿಯುವ ಸಣ್ಣ ಕೊಂಡಿ ತಕ್ಕಡಿಯೊಂದು ಮನೆಯಲ್ಲಿದ್ದರೆ ಪ್ರತಿ ಚೀಲವನ್ನೂ ತೂಗಿ ಬರೆದುಕೊಳ್ಳಿ. ಬರೆದ ಅಂಕಿ ಎದುರಿಗಿದ್ದಾಗ ಯಾವುದನ್ನು ಬಿಡಬೇಕೆಂಬ ಚರ್ಚೆ ಬೇಗ ಮುಗಿಯುತ್ತದೆ.

ಕಟ್ಟುವ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು. ಭಾರವಾದದ್ದು ಕೆಳಗೆ, ಎರಡು ಚಕ್ರಗಳ ನಡುವೆ ಇರಬೇಕು. ಹಗುರವಾದದ್ದು ಮಾತ್ರ ಹಿಂದಕ್ಕೂ ಮೇಲಕ್ಕೂ ಹೋಗಬಹುದು. ನೀರು, ಉಪಕರಣ, ಒಲೆಗಳನ್ನು ಹಿಂದಿನ ಕ್ಯಾರಿಯರ್ ಮೇಲೆ ಹೇರಿದರೆ ಮುಂದಿನ ಚಕ್ರದ ಮೇಲಿನ ಹಿಡಿತ ಸಡಿಲವಾಗಿ, ವೇಗದಲ್ಲಿ ಹ್ಯಾಂಡಲ್ ಅಲುಗಾಡಲು ಆರಂಭಿಸುತ್ತದೆ. ಎರಡೂ ಬದಿಯ ಸ್ಯಾಡಲ್ ಬ್ಯಾಗ್‌ಗಳಲ್ಲಿ ಭಾರವನ್ನು ಸಮವಾಗಿ ಹಂಚಿ, ಕ್ಯಾರಿಯರ್ ಮೇಲೆ ಸ್ಲೀಪಿಂಗ್ ಬ್ಯಾಗ್ ಮತ್ತು ಬಟ್ಟೆಗಳನ್ನಷ್ಟೇ ಇಡಿ. ಟೆಂಟಿನ ಕಂಬಗಳನ್ನು ಬಟ್ಟೆಯಿಂದ ಬೇರ್ಪಡಿಸಿ ಉದ್ದಕ್ಕೆ ಒಂದು ಬದಿಯಲ್ಲಿ ಕಟ್ಟಿದರೆ ಉಳಿದ ಭಾಗ ಯಾವ ಆಕಾರಕ್ಕಾದರೂ ಮಡಚಿಕೊಳ್ಳುತ್ತದೆ.

ನಿಮ್ಮ ಬೈಕಿನ ಸೈಲೆನ್ಸರ್ ಬಲಗಡೆ ಇದೆ. ಚಿತ್ರದಲ್ಲಿ ಸ್ಯಾಡಲ್ ಸ್ಟೇ ಕಾಣುತ್ತಿಲ್ಲ. ಪಟ್ಟಿಗೆ ಸೇರಿಸಬೇಕಾದ ಮೊದಲನೆಯ ವಸ್ತು ಅದೇ. ಆ ಕಬ್ಬಿಣದ ಚೌಕಟ್ಟು ಇಲ್ಲದೆ ಬಟ್ಟೆಯ ಬ್ಯಾಗನ್ನು ಎಂದೂ ತೂಗುಹಾಕಬೇಡಿ. ಹೊರಡುವಾಗ ಸೈಲೆನ್ಸರಿಗೂ ಬ್ಯಾಗಿಗೂ ನಾಲ್ಕು ಬೆರಳಿನ ಅಂತರ ಇದ್ದರೂ, ಹಿಂಬದಿ ಸವಾರರ ಭಾರಕ್ಕೆ ಮತ್ತು ಹಂಪುಗಳ ಕುಲುಕಿಗೆ ಬ್ಯಾಗು ಜಗ್ಗಿ ಅದನ್ನು ಮುಟ್ಟುತ್ತದೆ. ನನ್ನ ಎರಡನೆಯ ಪ್ರವಾಸದಲ್ಲಿ ಹೀಗೆಯೇ ಆಯಿತು. ಸುಟ್ಟ ವಾಸನೆಯನ್ನು ರಸ್ತೆ ಬದಿ ಯಾರೋ ಕಸ ಸುಡುತ್ತಿದ್ದಾರೆಂದು ಭಾವಿಸಿ ಹಲವು ಕಿಲೋಮೀಟರ್ ಓಡಿಸಿದ ಮೇಲೆ ನಿಲ್ಲಿಸಿ ನೋಡಿದಾಗ, ಬ್ಯಾಗಿನ ತಳ ಕರಗಿ ಅದರೊಳಗಿನ ಸ್ಲೀಪಿಂಗ್ ಬ್ಯಾಗಿಗೂ ಅಂಗೈಯಗಲದ ತೂತು ಬಿದ್ದಿತ್ತು. ಆ ತೂತಿಗೆ ಹಚ್ಚಿದ ತೇಪೆ ಈಗಲೂ ನನ್ನ ಕಾಲಿನ ಬಳಿ ಬರುತ್ತದೆ.

ತುದಿಯಲ್ಲಿ ಕೊಕ್ಕೆ ಇರುವ ರಬ್ಬರಿನ ಬಂಜಿ ಹಗ್ಗಗಳನ್ನು ಆರು ಎಂದು ಬರೆದಿದ್ದೀರಿ. ಅವು ಅಗ್ಗ, ಎಲ್ಲ ಬೈಕ್ ಅಂಗಡಿಗಳಲ್ಲೂ ಸಿಗುತ್ತವೆ, ಆದರೆ ಎಳೆದು ಹಿಡಿದ ಕೊಕ್ಕೆ ಕೈಜಾರಿ ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ಓಡುವಾಗ ಕಳಚಿಕೊಂಡರೆ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಚಕ್ರವನ್ನೇ ಕಚ್ಚಿ ನಿಲ್ಲಿಸಬಲ್ಲದು. ಬದಲಿಗೆ ಬಕಲ್ ಇರುವ ನೈಲಾನ್ ಪಟ್ಟಿಗಳನ್ನು ನಾಲ್ಕು ಕೊಳ್ಳಿ. ಬಿಗಿದ ಮೇಲೆ ಉಳಿಯುವ ಬಾಲವನ್ನು ಗಂಟು ಹಾಕಿ ಒಳಗೆ ಸಿಕ್ಕಿಸುವುದನ್ನು ಮರೆಯಬಾರದು. ಬಂಜಿ ಬಲೆಯನ್ನು ಮೇಲ್ಭಾಗದಲ್ಲಿ ಮಳೆಯಂಗಿ ಸಿಕ್ಕಿಸಲು ಮಾತ್ರ ಇಟ್ಟುಕೊಳ್ಳಬಹುದು. ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೊದಲ 20 ಕಿಲೋಮೀಟರಿನಲ್ಲಿ ಸಾಮಾನು ಕುಳಿತು ಪಟ್ಟಿ ಸಡಿಲವಾಗುತ್ತದೆ, ಹೀಗಾಗಿ ನೆಲಮಂಗಲ ದಾಟಿದ ಮೇಲೆ ಒಮ್ಮೆ ನಿಂತು ಎಲ್ಲವನ್ನೂ ಮತ್ತೆ ಬಿಗಿಯಿರಿ.

ಈಗ ರಾತ್ರಿಯ ವಿಷಯ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ನವೆಂಬರಿನಲ್ಲಿ ಬೆಳಗಿನ ಜಾವ ಸುಮಾರು 15 ಡಿಗ್ರಿಗೆ ಇಳಿಯುತ್ತದೆ, ಇಬ್ಬನಿಯೂ ಧಾರಾಳವಾಗಿ ಬೀಳುತ್ತದೆ. ಹಿಮಾಲಯಕ್ಕೆಂದು ಮಾರುವ ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಇಲ್ಲಿ ಬೇಕಾಗಿಲ್ಲ. ಹಿತಕರ ತಾಪಮಾನ 10 ಡಿಗ್ರಿ ಎಂದು ಗುರುತಿಸಿರುವ ಹಗುರವಾದದ್ದು ಸಾಕು. ಕೊಳ್ಳುವಾಗ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ ಎಂಬುದನ್ನು ಗಮನಿಸಿ. ಒಂದು ಹಿತವಾಗಿ ನಿದ್ರಿಸಬಹುದಾದ ತಾಪಮಾನ, ಇನ್ನೊಂದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಿತಿ. ಅಂಗಡಿಯವರು ಎರಡನೆಯದನ್ನೇ ದೊಡ್ಡದಾಗಿ ತೋರಿಸುತ್ತಾರೆ.

ಆದರೆ ನಿಮ್ಮ ಪಟ್ಟಿಯ ದೊಡ್ಡ ಕೊರತೆ ಸ್ಲೀಪಿಂಗ್ ಬ್ಯಾಗ್ ಅಲ್ಲ, ಅದರ ಕೆಳಗೆ ಹಾಸುವ ಚಾಪೆ. ಹೊದಿಕೆಯೊಳಗಿನ ಹತ್ತಿ ಅಥವಾ ನಾರು ಉಬ್ಬಿ ನಿಂತಾಗ ಮಾತ್ರ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಮೈಭಾರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಕೆಳಭಾಗದಿಂದ ಯಾವ ಉಪಯೋಗವೂ ಇಲ್ಲ. ಒದ್ದೆ ನೆಲ ರಾತ್ರಿಯಿಡೀ ಬೆನ್ನಿನ ಶಾಖವನ್ನು ಹೀರುತ್ತದೆ. ಮೂರು ಸಾವಿರದ ಸ್ಲೀಪಿಂಗ್ ಬ್ಯಾಗಿನಲ್ಲಿ ನಡುಗಿದವರು, ಅದರ ಕೆಳಗೆ ಮುನ್ನೂರು ರೂಪಾಯಿಯ ಫೋಮ್ ಚಾಪೆ ಹಾಸಿದ ಮೇಲೆ ಸುಖವಾಗಿ ಮಲಗಿದ್ದನ್ನು ಕಂಡಿದ್ದೇನೆ. ಕನಿಷ್ಠ 10 ಮಿಲಿಮೀಟರ್ ದಪ್ಪದ್ದನ್ನು ಆರಿಸಿ. ಮನೆಯಲ್ಲಿ ಚಳ್ಳಕೆರೆಯ ಕುರಿ ಕಂಬಳಿ ಇದ್ದರೆ ಅದರಂಥ ಹಾಸಿಗೆ ಇನ್ನೊಂದಿಲ್ಲ, ಸ್ವಲ್ಪ ಒದ್ದೆಯಾದರೂ ಅದು ಬೆಚ್ಚಗಿರುತ್ತದೆ. ಬೈಕಿನ ಮೇಲೆ ಅದರ ತೂಕವೇ ತೊಂದರೆ, ಇಲ್ಲದಿದ್ದರೆ ನಾನೂ ಅದನ್ನೇ ಒಯ್ಯುತ್ತಿದ್ದೆ.

ಟೆಂಟನ್ನು ಹೊಸದಾಗಿ ಕೊಂಡಿದ್ದೀರಿ, ಇನ್ನೂ ಬಿಚ್ಚಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಮನೆಯ ಮಹಡಿಯ ಮೇಲೆ ಒಮ್ಮೆ ನಿಲ್ಲಿಸಿ, ಒಂದು ಬಕೆಟ್ ನೀರು ಸುರಿದು ನೋಡಿ. ಮಳೆ ತಡೆಯುವ ಹೊರಹೊದಿಕೆ ನೆಲದ ಸಮೀಪದವರೆಗೆ ಬರದೆ ನೆತ್ತಿಯನ್ನಷ್ಟೇ ಮುಚ್ಚುವಂತಿದ್ದರೆ ಅದು ನಮ್ಮ ಮಲೆನಾಡಿಗೆ ಹೇಳಿದ್ದಲ್ಲ, ಈಶಾನ್ಯ ಮಾರುತದ ಮಳೆ ನವೆಂಬರಿನಲ್ಲೂ ಬರಬಹುದು. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಒಂದು ಗೇಣು ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡಿದ್ದರೆ ಮಳೆ ನೀರನ್ನು ಅದೇ ಹಿಡಿದು ನಿಮ್ಮ ಕೆಳಗೆ ತಂದು ನಿಲ್ಲಿಸುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಇಬ್ಬರ ಉಸಿರಿನ ತೇವವೇ ಬೆಳಗಾಗುವಷ್ಟರಲ್ಲಿ ಒಳಮೈಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ, ಹೊಸಬರು ಇದನ್ನೇ ಟೆಂಟ್ ಸೋರುತ್ತಿದೆ ಎಂದು ತಪ್ಪಾಗಿ ತಿಳಿಯುತ್ತಾರೆ.

ಮಲಗುವ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಮತ್ತು ಬೆಂಕಿಪೊಟ್ಟಣ, ಈ ಮೂರು ಯಾವ ಕಾರಣಕ್ಕೂ ನೆನೆಯಬಾರದು. ಸ್ಯಾಡಲ್ ಬ್ಯಾಗಿನ ಜೊತೆ ಕೊಡುವ ಮಳೆಕವಚ ಗಾಳಿಯ ರಭಸಕ್ಕೆ ಉಬ್ಬಿ ಹಾರಿಹೋಗುತ್ತದೆ ಅಥವಾ ತಳದಲ್ಲಿ ನೀರು ತುಂಬಿಕೊಳ್ಳುತ್ತದೆ, ಅದನ್ನು ನಂಬದೆ ಸಾಮಾನನ್ನು ಒಳಗಿನಿಂದಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ದುಬಾರಿ ಡ್ರೈ ಬ್ಯಾಗ್ ಬೇಕಿಲ್ಲ. ದಪ್ಪನೆಯ ಪ್ಲಾಸ್ಟಿಕ್ ಚೀಲದ ಬಾಯನ್ನು ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿದರೆ ಅದೇ ಕೆಲಸ ಮಾಡುತ್ತದೆ. ಮಳೆಯಂಗಿ ಮಾತ್ರ ಎಲ್ಲಕ್ಕಿಂತ ಮೇಲೆ, ಯಾವ ಪಟ್ಟಿಯನ್ನೂ ಬಿಚ್ಚದೆ ಕೈಗೆ ಸಿಗುವಂತಿರಲಿ.

ರಿಪೇರಿ ಸಾಮಾನಿನಲ್ಲಿ ಒಂದು ಮುಖ್ಯ ತಪ್ಪಿದೆ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಎಂದು ಬರೆದಿದ್ದೀರಿ, ಆದರೆ ಚಿತ್ರದಲ್ಲಿ ನಿಮ್ಮ ಬೈಕಿಗೆ ಕಡ್ಡಿಯ ಚಕ್ರಗಳಿವೆ, ಅಂದರೆ ಟೈರಿನೊಳಗೆ ಟ್ಯೂಬ್ ಇದೆ. ಆ ಕಿಟ್‌ನ ರಬ್ಬರ್ ಬತ್ತಿ ನಿಮಗೆ ಏನೂ ಪ್ರಯೋಜನವಿಲ್ಲ. ಮುಂದಿನ 19 ಇಂಚಿನದೂ ಹಿಂದಿನ 18 ಇಂಚಿನದೂ ಆಗಿ ಎರಡು ಹೊಸ ಟ್ಯೂಬ್, ಎರಡು ಅಥವಾ ಮೂರು ಟೈರ್ ಲಿವರ್, ಹಿಂದಿನ ಆಕ್ಸಲ್ ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್ ಮತ್ತು ಒಂದು ಪಂಪು ಬೇಕು. ಸ್ಪ್ಯಾನರ್ ಕೂರುತ್ತದೆಯೇ ಎಂಬುದನ್ನು ಮನೆಯಲ್ಲಿಯೇ ಒಮ್ಮೆ ಬಿಚ್ಚಿ ಪರೀಕ್ಷಿಸಿ. ಗ್ಯಾರೇಜಿನಲ್ಲಿ ಉದ್ದನೆಯ ಹಿಡಿ ಹಾಕಿ ಬಿಗಿದ ನಟ್ಟು ಕೈಬಲಕ್ಕೆ ಅಲುಗುವುದಿಲ್ಲ. ಟೈರು ಕಳಚಿ ಕೂರಿಸುವ ಅಭ್ಯಾಸ ಇಬ್ಬರಿಗೂ ಇಲ್ಲದಿದ್ದರೂ ಟ್ಯೂಬ್ ಒಯ್ಯಿರಿ, ಪಂಕ್ಚರ್ ಅಂಗಡಿಯವರಲ್ಲಿ ಕೌಶಲ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇಲ್ಲದಿರಬಹುದು. ಇವುಗಳ ಜೊತೆಗೆ ಕ್ಲಚ್ ಕೇಬಲ್ ಒಂದು ಇರಲಿ. ಅದನ್ನು ಹಳೆಯ ಕೇಬಲ್ಲಿನ ಪಕ್ಕದಲ್ಲೇ ಹಾಯಿಸಿ, ಎರಡೂ ತುದಿಗೆ ಟೇಪ್ ಸುತ್ತಿ ಈಗಲೇ ಕಟ್ಟಿಬಿಟ್ಟರೆ ಚೀಲದಲ್ಲಿ ಜಾಗವೂ ಉಳಿಯುತ್ತದೆ, ತುಂಡಾದಾಗ ಹತ್ತು ನಿಮಿಷದಲ್ಲಿ ಬದಲಾಯಿಸಲೂಬಹುದು. ಫ್ಯೂಸ್, ಇನ್ಸುಲೇಶನ್ ಟೇಪ್, ಹತ್ತು ಕೇಬಲ್ ಟೈ, ಕಟಿಂಗ್ ಪ್ಲೇಯರ್ ಸಾಕು. ಹೊರಡುವ ಹಿಂದಿನ ದಿನ ಚೈನಿಗೆ ಎಣ್ಣೆ ಹಚ್ಚಿ, ಇಬ್ಬರು ಸವಾರರಿಗೆ ಕೈಪಿಡಿಯಲ್ಲಿ ಹೇಳಿರುವಷ್ಟು ಗಾಳಿ ತುಂಬಿಸಿ, ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿತವನ್ನು ಒಂದೆರಡು ಹಂತ ಏರಿಸಿ.

ಅಡುಗೆಯನ್ನು ಆದಷ್ಟು ಸರಳಗೊಳಿಸಿ. ತರಕಾರಿ, ಹಲಗೆ, ಚಾಕು, ಎಣ್ಣೆ, ಮೂರು ಪಾತ್ರೆ ಎಂದೆಲ್ಲ ಬರೆದಿದ್ದೀರಿ. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದ ಉಪ್ಪಿಟ್ಟಿನ ರವೆಗೆ ಕುದಿಯುವ ನೀರು ಸೇರಿಸಿದರೆ ಬೆಳಗಿನ ತಿಂಡಿ ಆಗುತ್ತದೆ, ಗೊಜ್ಜವಲಕ್ಕಿಯ ಪುಡಿಗೆ ಬೆಂಕಿಯೂ ಬೇಡ, ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಎಷ್ಟು ಕುಲುಕಿದರೂ ಕೆಡುವುದಿಲ್ಲ. 230 ಗ್ರಾಮಿನ ಒಂದು ಗ್ಯಾಸ್ ಡಬ್ಬಿ ಎರಡು ದಿನಕ್ಕೆ ಧಾರಾಳವಾಯಿತು. ತಿರುಪು ಹಾಕುವ ಗಿಡ್ಡ ಡಬ್ಬಿಯೂ, ಕ್ಲಿಪ್ ಮಾದರಿಯ ಉದ್ದನೆಯ ಡಬ್ಬಿಯೂ ಬೇರೆ ಬೇರೆ. ಒಂದರ ಒಲೆ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ಮಳೆ ಬಂದರೂ ಟೆಂಟಿನೊಳಗೆ ಒಲೆ ಹಚ್ಚಬೇಡಿ. ಬೆಂಕಿಯ ಭಯ ಒಂದು ಕಡೆಯಾದರೆ, ಮುಚ್ಚಿದ ಜಾಗದಲ್ಲಿ ಸೇರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಸವಾರಿಗೆ ಒಂದು ಜೊತೆ, ರಾತ್ರಿಗೆ ಒಂದು ಜೊತೆ, ಮಂಕಿ ಕ್ಯಾಪ್ ಮತ್ತು ಮಲಗಲೆಂದೇ ಮೀಸಲಿಟ್ಟ ಒಣ ಸಾಕ್ಸ್. ಜೀನ್ಸ್ ಎರಡನೆಯದು ಬೇಡ, ಒದ್ದೆಯಾದರೆ ಎರಡು ದಿನವೂ ಒಣಗುವುದಿಲ್ಲ.

ತೋಟದ ಸುತ್ತಲಿನ ವಿಷಯಕ್ಕೆ ಬಂದರೆ, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟಗಳ ನಡುವೆಯೇ ಓಡಾಡುತ್ತವೆ. ಶುಕ್ರವಾರ ರಾತ್ರಿಯೂ ಶನಿವಾರ ಮಧ್ಯಾಹ್ನವೂ ಪರಿಚಿತರಿಗೆ ಫೋನ್ ಮಾಡಿ ಆನೆ ಯಾವ ಕಡೆ ಇವೆ ಎಂದು ಕೇಳಿಕೊಳ್ಳಿ. ಅವರು ಮನೆಯ ಅಂಗಳದಲ್ಲೇ ಟೆಂಟ್ ಹಾಕಿ ಎಂದರೆ ಮರುಮಾತಿಲ್ಲದೆ ಅಲ್ಲೇ ಹಾಕಿ. ಆ ದಿನಗಳಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್, ಆಮೇಲೆ ತೋಟದ ದಾರಿ ಬೇರೆ. ಬೆಳಿಗ್ಗೆ ಆರಕ್ಕೆ ಹೊರಟು ನಾಲ್ಕು ಗಂಟೆಯೊಳಗೆ ಟೆಂಟ್ ನಿಲ್ಲಿಸುವಂತೆ ಲೆಕ್ಕ ಹಾಕಿಕೊಳ್ಳಿ. ಸಕಲೇಶಪುರದಲ್ಲೇ ಟ್ಯಾಂಕ್ ತುಂಬಿಸಿ, 13 ಲೀಟರ್ ಹಿಡಿಯುತ್ತದೆ, ಬಾಟಲಿಯಲ್ಲಿ ಪೆಟ್ರೋಲ್ ಒಯ್ಯುವ ಅಗತ್ಯವಿಲ್ಲ. ಜಾಗ ಇಷ್ಟವಾಯಿತೆಂದು ಪಕ್ಕದ ಮೀಸಲು ಅರಣ್ಯಕ್ಕೆ ಟೆಂಟನ್ನು ಸರಿಸಬೇಡಿ, ಅನುಮತಿಯಿಲ್ಲದೆ ಅಲ್ಲಿ ಹೋಗಿ ತಂಗುವುದು ಅಪರಾಧ.

ಇಂಬಳಗಳು ಮಳೆಗಾಲ ಮುಗಿದ ಮೇಲೂ ತೇವದ ಜಾಗಗಳಲ್ಲಿ ಉಳಿದಿರುತ್ತವೆ. ಸಣ್ಣ ಡಬ್ಬಿಯಲ್ಲಿ ಉಪ್ಪು ಅಥವಾ ಸುಣ್ಣ ಇದ್ದರೆ ಸಾಕು, ಕಿತ್ತೆಳೆಯಬೇಡಿ. ಬೂಟುಗಳನ್ನು ಟೆಂಟಿನ ಒಳಗೇ ಇಟ್ಟು, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ರಾತ್ರಿ ಹೊರಗೆ ಕಾಲಿಡುವಾಗ ಇಬ್ಬರಿಗೂ ತಲೆಗೆ ಕಟ್ಟುವ ಟಾರ್ಚ್ ಇರಲೇಬೇಕು, ಪಟ್ಟಿಯಲ್ಲಿ ಒಂದೇ ಇದೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಾಲನ್ನು ಆದಷ್ಟು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ಸಕಲೇಶಪುರದಲ್ಲಿ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆ ಇದೆ. 112 ಮತ್ತು 108 ನೆನಪಿನಲ್ಲಿರಲಿ. ತೋಟಗಳ ನಡುವೆ ನೆಟ್‌ವರ್ಕ್ ಸಿಗದಿರುವುದು ಸಾಮಾನ್ಯವಾದ್ದರಿಂದ ದಾರಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಪರಿಚಿತರ ಸಂಖ್ಯೆಯನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಪ್ರಥಮ ಚಿಕಿತ್ಸೆಯ ಡಬ್ಬಿಗೆ ಓಆರ್‌ಎಸ್ ಮತ್ತು ಕ್ರೇಪ್ ಬ್ಯಾಂಡೇಜ್ ಸೇರಿಸಿ. ನಿಮ್ಮ ತಮ್ಮನವರಿಗೆ ಆಸ್ತಮಾ ಇದೆಯೆಂದು ಬರೆದಿದ್ದೀರಿ, ಅವರ ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಜಾಕೆಟ್ಟಿನ ಜೇಬಿನಲ್ಲಿರಲಿ.

ಕೊನೆಯದಾಗಿ, ಪಟ್ಟಿಯಿಂದ ನಾನು ಹೊಡೆದುಹಾಕಿದವು: ಕೊಡಲಿ, ಬ್ಲೂಟೂತ್ ಸ್ಪೀಕರ್, ಐದು ಲೀಟರಿನ ನೀರಿನ ಕ್ಯಾನ್, ಎರಡನೆಯ ಒಲೆ, ದಿಂಬುಗಳು, ಗಾಜಿನ ಲಾಟೀನು, ಇದ್ದಿಲು. ಸೌದೆ ಬೇಕಾದರೆ ತೋಟದವರೇ ಒಣ ಕಾಫಿ ಕಡ್ಡಿ ಕೊಡುತ್ತಾರೆ, ಹಸಿ ಮರ ಕಡಿಯುವ ಪ್ರಸಂಗವೇ ಬರುವುದಿಲ್ಲ. ಸ್ಲೀಪಿಂಗ್ ಬ್ಯಾಗಿನ ಖಾಲಿ ಚೀಲಕ್ಕೆ ಜಾಕೆಟ್ ತುಂಬಿದರೆ ಅದೇ ದಿಂಬು. ಮಡಚುವ ಕುರ್ಚಿಗಳನ್ನು ಎರಡು ಸಲ ಅಡಿಗೆರೆ ಹಾಕಿ ಬರೆದಿರುವುದರಿಂದ ಅವುಗಳ ಮೇಲೆ ನಿಮಗೆಷ್ಟು ಆಸೆ ಇದೆಯೆಂದು ಗೊತ್ತಾಗುತ್ತದೆ. ಆದರೂ ಈ ಸಲ ಬಿಡಿ, ಸಂಜೆ ಕೂರಲು ಆ ಫೋಮ್ ಚಾಪೆಯನ್ನೇ ಮಡಚಿ ಹಾಕಿಕೊಳ್ಳಬಹುದು. ಗುರುವಾರ ಸಂಜೆ ಎಲ್ಲವನ್ನೂ ಕಟ್ಟಿ, ತಮ್ಮನವರನ್ನೂ ಕೂರಿಸಿಕೊಂಡು ಬಡಾವಣೆಯಲ್ಲಿ ಎರಡು ಸುತ್ತು ಹೊಡೆದು, ಬೈಕಿನ ಬಲಬದಿಯ ಚಿತ್ರವೊಂದನ್ನು ಇಲ್ಲಿ ಹಾಕಿದರೆ ಸೈಲೆನ್ಸರಿಗೂ ಬ್ಯಾಗಿಗೂ ಅಂತರ ಸಾಕೇ ಎಂದು ನೋಡಿ ಹೇಳುತ್ತೇನೆ.