ಅಳಿವಿನಂಚಿನ ಬೆಟ್ಟದ ಗಿಳಿಗಳನ್ನು ಉಳಿಸಲು ಬೇಟೆ ತಡೆದರೆ ಸಾಕಾ?

ಸಾಲದು. ಕೊಲಂಬಿಯಾದ ಹಳದಿ ಕಿವಿಯ ಗಿಳಿಯನ್ನೇ ನೋಡಿ. ಆಂಡಿಸ್ ಬೆಟ್ಟಗಳ ಈ ಹಕ್ಕಿ ಗೂಡು ಮಾಡುವುದು ಮೇಣದ ತಾಳೆ (ವ್ಯಾಕ್ಸ್ ಪಾಮ್) ಮರದ ಪೊಟರೆಯಲ್ಲಿ, ಅದೂ ಹೆಚ್ಚಾಗಿ ಒಣಗಿ ನಿಂತ ಮರದಲ್ಲಿ. ಸತ್ತ ಮರ ಅಂತ ಸುಮ್ನೆ ಕಡಿದರೆ ಗೂಡೇ ಹೋಯಿತು.

ಅಲ್ಲಿನ ಹುಲ್ಲುಗಾವಲುಗಳಲ್ಲಿ ಎತ್ತರದ ತಾಳೆಗಳು ಈಗಲೂ ನಿಂತಿವೆ. ಬುಡದಲ್ಲಿ ಹುಡುಕಿದರೆ ಸಸಿಯೇ ಸಿಗುವುದಿಲ್ಲ. ಮೊಳೆತದ್ದನ್ನು ದನ ಮೇಯುತ್ತವೆ, ಉಳಿದದ್ದು ಬಿಸಿಲಿಗೆ ಸಾಯುತ್ತದೆ. ಬೇಲಿ ಹಾಕಿ ಸಸಿ ಕಾಯುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ.

ಕ್ರೈಸ್ತರ ಗರಿಗಳ ಭಾನುವಾರದ (ಪಾಮ್ ಸಂಡೇ) ಮೆರವಣಿಗೆಗೂ ಈ ತಾಳೆಯ ಎಳೆ ಗರಿ ಕಡಿಯುತ್ತಿದ್ದರು. ಹಕ್ಕಿಗಳನ್ನು ಕಾಯುವ ಪ್ರೊಆವೆಸ್ ಸಂಸ್ಥೆ ಚರ್ಚಿನವರ ಜೊತೆ ಸೇರಿ ಬೇರೆ ಗಿಡಗಳ ಗರಿ ಬಳಸುವಂತೆ ಜನರ ಮನವೊಲಿಸಿತು. ಗೂಡುಪೆಟ್ಟಿಗೆಗಳನ್ನೂ ಕಟ್ಟಿತು. 1999ರಲ್ಲಿ ಕಂಡದ್ದು ಬರೀ 81 ಗಿಳಿ, ಆಮೇಲೆ ಸಂಖ್ಯೆ ಸಾವಿರ ದಾಟಿತು.